‘ದಂಡೆಗುಂಟ’ ಎಂಬ ಒಂದು ಪದ: 1958ರ ನಾರ್ವೆ ಪತ್ರದ ಮರುಓದು

ಕಳೆದ ವರ್ಷ ಬೆಳಗಾವಿಯ ಒಂದು ಕಾಲೇಜಿನಲ್ಲಿ ಇಂಧನದ ಇತಿಹಾಸ ಕುರಿತು ಉಪನ್ಯಾಸವಿತ್ತು. ಮಾತಾಡಿದವರು ವಯಸ್ಸಿನಲ್ಲೂ ಓದಿನಲ್ಲೂ ನನಗಿಂತ ಹಿರಿಯರು. ಅವರು ಉತ್ತರ ಸಮುದ್ರದ ಎಣ್ಣೆಗೆ ಬಂದಾಗ ಎಲ್ಲರೂ ಹೇಳುವ ಕಥೆಯನ್ನೇ ಹೇಳಿದರು: “ನಾರ್ವೆಯ ಕಡಲಲ್ಲಿ ಎಣ್ಣೆ ಸಿಗುವ ಸಾಧ್ಯತೆಯೇ ಇಲ್ಲವೆಂದು ಅಲ್ಲಿನ ಭೂವಿಜ್ಞಾನಿಗಳು 1958ರಲ್ಲಿ ಬರೆದುಕೊಟ್ಟರು. ಹನ್ನೊಂದೇ ವರ್ಷಕ್ಕೆ ಎಕೋಫಿಸ್ಕ್ ಎಣ್ಣೆ ಕ್ಷೇತ್ರ ಸಿಕ್ಕಿತು!” ಸಭೆ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಆ ಪತ್ರದಲ್ಲಿರುವ ಮಾತು ‘ನಾರ್ವೆಯ ಕಡಲಲ್ಲಿ’ ಎಂದಲ್ಲ. ‘ನಾರ್ವೆಯ ದಂಡೆಗುಂಟ ಇರುವ ಖಂಡಾವರಣದಲ್ಲಿ’ ಎಂದು. ಒಂದು ಪದ ಜಾರಿದರೆ ಒಂದು ಕಥೆ ಹುಟ್ಟುತ್ತದೆ. ಈ ಲೇಖನ ಜಾರಿದ ಆ ಪದದ ಬಗ್ಗೆ.

(ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡದಲ್ಲಿ ಈ ಪ್ರಸಂಗ ಎಲ್ಲಿ ಬಂದರೂ ಹೀಗೇ ಬರುತ್ತದೆ, ಇಂಗ್ಲಿಷಿನ ಜನಪ್ರಿಯ ಬರಹಗಳಲ್ಲೂ ಇದಕ್ಕಿಂತ ಚೆನ್ನಾಗಿಯೇನೂ ಬರುವುದಿಲ್ಲ. ಆದರೆ ತಜ್ಞರು ಪೆದ್ದರಾದ ಕಥೆಗೆ ಸಿಗುವ ಚಪ್ಪಾಳೆ, ತಜ್ಞರಿಗೆ ಕೇಳಿದ ಪ್ರಶ್ನೆ ಯಾವುದು ಎಂಬ ವಿಚಾರಣೆಗೆ ಸಿಗುವುದಿಲ್ಲ ಎಂಬುದನ್ನು ಗಮನಿಸಬೇಕು.)

ಉತ್ತರ ಸಮುದ್ರದ ಎಣ್ಣೆಯ ಮುಂದಿನ ಕಥೆ ಓದುಗರಿಗೆ ಗೊತ್ತಿರುವಂಥದ್ದು: ಎಣ್ಣೆ ಕ್ಷೇತ್ರಗಳಾದ ಫೋರ್ಟೀಸ್, ಬ್ರೆಂಟ್, ಸ್ಟಾಟ್‌ಫ್ಯೋರ್ಡ್, 1988ರ ಪೈಪರ್ ಆಲ್ಫಾ ದುರಂತದಲ್ಲಿ ಸತ್ತ 167 ಜನ, ನಾರ್ವೆ ಕಟ್ಟಿದ ನಿಧಿ. ಅದನ್ನೆಲ್ಲ ಬಿಟ್ಟು ನೇರವಾಗಿ ಪತ್ರಕ್ಕೆ ಬರುತ್ತೇನೆ.

ಪತ್ರದ ತಾರೀಖು 1958ರ ಫೆಬ್ರವರಿ 25. ಬರೆದದ್ದು ನಾರ್ವೆಯ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ. ಬರೆದದ್ದು ಯಾರಿಗೆ ಎಂಬುದನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅದು ಹೋದದ್ದು ವಿದೇಶಾಂಗ ಸಚಿವಾಲಯಕ್ಕೆ. ಕೈಗಾರಿಕಾ ಇಲಾಖೆಗಲ್ಲ, ಕೊರೆಯಲು ಹೊರಟ ಯಾವ ಕಂಪನಿಗೂ ಅಲ್ಲ. ಅದರ ಹಿಂದಿನ ದಿನ, ಫೆಬ್ರವರಿ 24ರಂದು, ಜಿನೀವಾದಲ್ಲಿ ಕಡಲ ಕಾನೂನಿನ ಕುರಿತ ವಿಶ್ವಸಂಸ್ಥೆಯ ಮೊದಲ ಸಮ್ಮೇಳನ ಶುರುವಾಗಿತ್ತು. ಕಡಲತಳದ ಸಂಪತ್ತು ಯಾರಿಗೆ, ಎಲ್ಲಿಯವರೆಗೆ ಎಂಬುದು ಅಲ್ಲಿ ಚರ್ಚೆಯಾಗಬೇಕಿದ್ದ ವಿಷಯಗಳಲ್ಲೊಂದು. ರಾಯಭಾರಿಗಳಿಗೆ ಬೇಕಿದ್ದದ್ದು ಒಂದು ಸಾಲಿನ ಉತ್ತರ: ನಮ್ಮ ಪಾಲಿಗೆ ಬರುವ ತಳದಲ್ಲಿ ಜಗಳಾಡುವಷ್ಟು ಏನಾದರೂ ಇದೆಯೇ? ಉತ್ತರ ಬಂತು: ಕಲ್ಲಿದ್ದಲು, ಎಣ್ಣೆ, ಗಂಧಕ ಇವು ಸಿಗುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಎಣ್ಣೆಯ ಜೊತೆ ಕಲ್ಲಿದ್ದಲು, ಗಂಧಕ ಏಕೆ ಬಂದವು? ಎಣ್ಣೆ ಹುಡುಕುವ ಭೂವಿಜ್ಞಾನಿ ಹೀಗೆ ಪಟ್ಟಿ ಮಾಡುವುದಿಲ್ಲ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವವನು ‘ಕಡಲತಳದಿಂದ ತೆಗೆಯಬಹುದಾದ ಸರಕುಗಳು’ ಎಂಬ ಶೀರ್ಷಿಕೆಯ ಕೆಳಗೆ ಉತ್ತರ ತುಂಬುತ್ತಿರುವವನು. ಪಟ್ಟಿ ಬಂದದ್ದು ಪ್ರಶ್ನೆ ಕೇಳಿದವರ ಕಡೆಯಿಂದಲೇ ಇರಬೇಕೆಂಬುದು ನನ್ನ ಊಹೆ. ಊಹೆ ಎಂದೇ ಬರೆಯುತ್ತೇನೆ, ಇದನ್ನು ಯಾರೂ ನಾಳೆ ನಿರ್ಣಯವೆಂದು ಉಲ್ಲೇಖಿಸಬಾರದು. ಆದರೆ ಪತ್ರ ರಾಜತಾಂತ್ರಿಕ ಪ್ರಶ್ನೆಗೆ ಕೊಟ್ಟ ಉತ್ತರ ಎಂಬುದು ಊಹೆಯಲ್ಲ. ವಿಳಾಸ ಮತ್ತು ತಾರೀಖು ಎರಡೇ ಸಾಕು.

ಈಗ ಮುಖ್ಯ ಮಾತಿಗೆ ಬರೋಣ. 1958ರ ಫೆಬ್ರವರಿಯಲ್ಲಿ ‘ಖಂಡಾವರಣ’ ಎಂದರೆ ಏನು? ನಮ್ಮ ಶಾಲೆಯ ಭೂಗೋಳ ಪುಸ್ತಕ ಹೇಳುವಂತೆ ದಡದಿಂದ ಮೆಲ್ಲಗೆ ಇಳಿದು ಸುಮಾರು 200 ಮೀಟರ್ ಆಳದವರೆಗೆ ಹೋಗುವ ಕಡಲತಳ. ಜಿನೀವಾದಲ್ಲಿ ಏಪ್ರಿಲ್ 29ರಂದು ಒಪ್ಪಿದ ಕರಾರಿನಲ್ಲೂ ಮೊದಲು ಬಂದದ್ದು ಇದೇ 200 ಮೀಟರ್. ಅದಕ್ಕಿಂತ ಆಳದಲ್ಲಿ ಸಂಪತ್ತು ತೆಗೆಯಲು ಸಾಧ್ಯವಾದರೆ ಅಲ್ಲಿಯವರೆಗೂ ಎಂಬ ಬಾಲವೂ ಜೊತೆಗಿತ್ತು. ಬಾಲ ಮುಂದೆ ದೊಡ್ಡದಾಯಿತು, ನಿಜ. ಆದರೆ ಫೆಬ್ರವರಿಯಲ್ಲಿ ಪತ್ರ ಬರೆದವನ ಮೇಜಿನ ಮೇಲಿದ್ದದ್ದು ನಕ್ಷೆ. ಆ ನಕ್ಷೆಯಲ್ಲಿ ನಾರ್ವೆಯ ದಕ್ಷಿಣ ಮತ್ತು ಪಶ್ಚಿಮ ದಂಡೆಗೆ ಹೊಂದಿಕೊಂಡು ಒಂದು ಉದ್ದನೆಯ ಕಂದಕ ಕಾಣುತ್ತದೆ. ಎಷ್ಟೋ ಕಡೆ ಅದರ ಆಳ 200 ಮೀಟರಿಗಿಂತ ಬಹಳ ಹೆಚ್ಚು. ಡೆನ್ಮಾರ್ಕ್ ಮತ್ತು ನಾರ್ವೆ ನಡುವಿನ ಸ್ಕಾಗೆರಾಕ್‌ನಲ್ಲಿ ಅದು ಸುಮಾರು 700 ಮೀಟರ್ ಮುಟ್ಟುತ್ತದೆ. ಕಂದಕದ ಆಚೆ ಕಡಲತಳ ಮತ್ತೆ ಎತ್ತರವಾಗಿ 70, 100, 150 ಮೀಟರಿಗೆ ಬರುತ್ತದೆ. ಉತ್ತರ ಸಮುದ್ರದ ಬಯಲು ಅದು.

ದಡದಿಂದ ಕಂದಕದವರೆಗೆ ಇರುವುದು ಒಂದು ಇಕ್ಕಟ್ಟಾದ ಪಟ್ಟಿ. ಅಲ್ಲಿನ ಕಲ್ಲು ದಡದಲ್ಲಿ ಕಾಣುವ ಕಲ್ಲಿನ ಬಳಗದ್ದೇ: ನೈಸ್ ಮತ್ತು ಹಳೆಯ ಮಡಿಕೆಬೆಟ್ಟಗಳ ರೂಪಾಂತರ ಶಿಲೆ, ಬೆಂದು ಗಟ್ಟಿಯಾದದ್ದು. ಎಣ್ಣೆ ಹುಟ್ಟಬೇಕಾದರೆ ಜೀವಾವಶೇಷವಿರುವ ಕೆಸರು ಪದರುಪದರಾಗಿ ಹೂತು, ಹದವಾಗಿ ಬೇಯಬೇಕು. ಬಾಣಲೆಯೇ ಸೀದುಹೋದ ಕಲ್ಲಿನಲ್ಲಿ ಎಣ್ಣೆ ಹುಡುಕುವುದಿಲ್ಲ. ಆ ಪಟ್ಟಿಯ ಬಗ್ಗೆ ಕೇಳಿದ್ದರೆ ‘ಇಲ್ಲ’ ಎಂಬ ಉತ್ತರದಲ್ಲಿ ನಗುವಂಥದ್ದೇನಿದೆ?

ಕಥೆಗಾರರು ಎಸೆಯುವ ಎಕೋಫಿಸ್ಕ್ ಎಲ್ಲಿದೆ? ಸ್ಟಾವಾಂಗರ್‌ನಿಂದ ಸುಮಾರು 300 ಕಿಲೋಮೀಟರ್ ನೈಋತ್ಯಕ್ಕೆ, ಕಂದಕದ ಆಚೆ, 70 ಮೀಟರ್ ನೀರಿನ ಕೆಳಗೆ. ಸ್ಟಾಟ್‌ಫ್ಯೋರ್ಡ್ ಕೂಡ ಕಂದಕದ ಆಚೆಯದೇ. ನಾರ್ವೆಯ ದಂಡೆಗುಂಟ ನಡೆದುಹೋದರೆ ಇವೆರಡೂ ಸಿಗುವುದಿಲ್ಲ.

ಇದು ನಾನೊಬ್ಬ ಕೂತು ಹೊಸೆದ ಭೂಗೋಳವಲ್ಲ. ಪತ್ರ ಬರೆದ ಹನ್ನೊಂದು ವರ್ಷಕ್ಕೆ, 1969ರ ಫೆಬ್ರವರಿ 20ರಂದು, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಉತ್ತರ ಸಮುದ್ರದ ಖಂಡಾವರಣದ ಮೊಕದ್ದಮೆಗಳಲ್ಲಿ ತೀರ್ಪು ಕೊಟ್ಟಿತು. ಒಂದು ಕಡೆ ಪಶ್ಚಿಮ ಜರ್ಮನಿ, ಇನ್ನೊಂದು ಕಡೆ ಡೆನ್ಮಾರ್ಕ್ ಮತ್ತು ನೆದರ್ಲೆಂಡ್ಸ್. ನಾರ್ವೆ ಕಕ್ಷಿದಾರನೇ ಅಲ್ಲ. ಆದರೂ ತೀರ್ಪಿನ ನಡುವೆ ನ್ಯಾಯಾಲಯ ಈ ಕಂದಕದ ಮಾತೆತ್ತುತ್ತದೆ. ಅದರ ಕಾನೂನಿನ ಸ್ಥಾನವೇನು ಎಂದು ತಾನು ತೀರ್ಮಾನಿಸುವುದಿಲ್ಲ ಎನ್ನುತ್ತಲೇ, 80ರಿಂದ 100 ಕಿಲೋಮೀಟರ್ ಅಗಲದ ಆ ಕಂದಕದ ಆಚೆಗಿರುವ ತಳ ಭೌತಿಕವಾಗಿ ನಾರ್ವೆಯ ದಂಡೆಗೆ ತಾಗಿಕೊಂಡಿದೆಯೆಂದಾಗಲಿ ಅದರ ಸಹಜ ಮುಂದುವರಿಕೆಯೆಂದಾಗಲಿ ಹೇಳಲಾಗದು ಎಂದು ದಾಖಲಿಸುತ್ತದೆ. 1969ರ ನ್ಯಾಯಮೂರ್ತಿಗಳಿಗೇ ಕಂದಕದ ಆಚೆಯದು ‘ದಂಡೆಗೆ ತಾಗಿದ್ದು’ ಎನ್ನಿಸಲಿಲ್ಲ. ಹಾಗಿರುವಾಗ 1958ರ ಭೂವಿಜ್ಞಾನಿ ‘ದಂಡೆಗುಂಟ’ ಎಂದು ಬರೆದಾಗ ಅದರಲ್ಲಿ ಎಕೋಫಿಸ್ಕನ್ನೂ ಸೇರಿಸಿಕೊಂಡಿದ್ದ ಎನ್ನುವುದು ಹೇಗೆ? ಎಕೋಫಿಸ್ಕ್ ಸಿಕ್ಕಿದ್ದೂ ಅದೇ 1969ರ ಕೊನೆಗೆ ಎಂಬುದು ಕಾಕತಾಳೀಯ, ಆದರೆ ಮರೆಯಬಾರದ ಕಾಕತಾಳೀಯ.

ಹಾಗಾದರೆ ಕಂದಕದ ಆಚೆಯ ತಳ ನಾರ್ವೆಯದಾದದ್ದು ಯಾವಾಗ? 1963ರ ಮೇ 31ರ ರಾಜಾಜ್ಞೆಯಿಂದ ನಾರ್ವೆ ತನ್ನ ಕಡಲತಳದ ಮೇಲೆ ಹಕ್ಕು ಸಾರಿತು. 1965ರ ಮಾರ್ಚ್ 10ರಂದು ಬ್ರಿಟನ್ ಜೊತೆ ಗಡಿ ಒಪ್ಪಂದವಾಯಿತು. ಕಂದಕವನ್ನು ಲೆಕ್ಕಕ್ಕೇ ಹಿಡಿಯದೆ ಎರಡೂ ದಡಗಳಿಂದ ಸಮದೂರದಲ್ಲಿ ಮಧ್ಯರೇಖೆ ಎಳೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಡೆನ್ಮಾರ್ಕ್ ಜೊತೆಗೂ ಹಾಗೇ. ಖಂಡಾವರಣದ ಜಿನೀವಾ ಕರಾರಿಗೆ ನಾರ್ವೆ ಸೇರಿದ್ದು 1971ರಲ್ಲಿ, ರೇಖೆಗಳು ಗಟ್ಟಿಯಾಗಿ, ಎಕೋಫಿಸ್ಕಿನಿಂದ ಎಣ್ಣೆ ಬರತೊಡಗಿದ ಮೇಲೆ. ಇಷ್ಟನ್ನು ಸಾಲಾಗಿ ಇಟ್ಟು ನೋಡಿದರೆ ನನ್ನ ವಾದ ತಾನಾಗಿ ಹೊರಬೀಳುತ್ತದೆ: 1958 ಮತ್ತು 1969ರ ನಡುವೆ ಬದಲಾದದ್ದು ಬರೀ ತಿಳಿವಳಿಕೆಯಲ್ಲ, ‘ನಾರ್ವೆ’ ಎಂಬ ಪದದ ಅಳತೆ ಬದಲಾಯಿತು. ಪತ್ರದ ನಾರ್ವೆ ಚಿಕ್ಕದು, ಕಥೆಯ ನಾರ್ವೆ ದೊಡ್ಡದು. ಚಿಕ್ಕದರ ಬಗ್ಗೆ ಹೇಳಿದ ಮಾತನ್ನು ದೊಡ್ಡದರ ಮೇಲೆ ಹೇರಿ ನಗುವುದು ಓದುವ ಕ್ರಮವಲ್ಲ.

ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ನನಗೆ ಸೋಜಿಗ. ಗಡಿ ಗುರುತಿಸುವಾಗ ಹಳ್ಳಿಯೇ ಘಟಕವೋ ಅಲ್ಲವೋ ಎಂಬ ಒಂದೇ ವಿಷಯಕ್ಕೆ ಈ ಊರಲ್ಲಿ ತಲೆಮಾರುಗಳ ಕಾಲ ವಾದ ನಡೆದಿದೆ. 1967ರ ಮಹಾಜನ ವರದಿಯ ಒಂದೊಂದು ಶಬ್ದಕ್ಕೂ ಇಲ್ಲಿ ಚಹಾ ಅಂಗಡಿಯ ಬೆಂಚಿನ ಮೇಲೆ ಭಾಷ್ಯ ಬರೆದವರಿದ್ದಾರೆ. ‘ಬೆಳಗಾವಿ’ ಎಂದರೆ ಶಹರವೋ ಜಿಲ್ಲೆಯೋ ಎಂದು ಕೇಳದೆ ನಾವು ಯಾವ ಕಾಗದಕ್ಕೂ ಸಹಿ ಹಾಕುವವರಲ್ಲ. ಅಂಥ ಜನ ಪರದೇಶದ ಕಾಗದ ಎಂದೊಡನೆ ಗಡಿಯನ್ನೇ ಮರೆತು ನಕ್ಕುಬಿಟ್ಟೆವು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಇತರರು ಕೊಡುವ ವಿವರಣೆಯ ಪ್ರಕಾರ ನಾರ್ವೆಯವರ ಕಣ್ಣು ತೆರೆಸಿದ್ದು 1959ರಲ್ಲಿ ನೆದರ್ಲೆಂಡ್ಸಿನ ಖ್ರೋನಿಂಗನ್‌ನಲ್ಲಿ ಸಿಕ್ಕ ಅನಿಲ. ಅದು ಸಿಗದಿದ್ದರೆ ಪತ್ರದ ಮಾತೇ ನಿಲ್ಲುತ್ತಿತ್ತಂತೆ. ಖ್ರೋನಿಂಗನ್ ಧೈರ್ಯ ಕೊಟ್ಟಿತು ಎಂಬುದರಲ್ಲಿ ಸಂಶಯವಿಲ್ಲ. 1962ರಲ್ಲಿ ಫಿಲಿಪ್ಸ್ ಎಣ್ಣೆ ಕಂಪನಿ ನಾರ್ವೆ ಸರಕಾರದ ಬಾಗಿಲು ತಟ್ಟಿದ್ದು ಆ ಧೈರ್ಯದ ಮೇಲೆಯೇ. ಆದರೆ ಧೈರ್ಯ ಬೇರೆ, ಪುರಾವೆ ಬೇರೆ. ಖ್ರೋನಿಂಗನ್‌ನ ಅನಿಲ ಇರುವುದು ಪರ್ಮಿಯನ್ ಕಾಲದ ಮರಳುಗಲ್ಲಿನಲ್ಲಿ. ಎಕೋಫಿಸ್ಕಿನ ಎಣ್ಣೆ ಇರುವುದು ಅದಕ್ಕಿಂತ ಹತ್ತಿರ ಹತ್ತಿರ ಇಪ್ಪತ್ತು ಕೋಟಿ ವರ್ಷ ಕಿರಿದಾದ ಸುಣ್ಣದ ಕಲ್ಲಿನಲ್ಲಿ, ಶಾಲೆಯ ಬಳಪದಂಥ ಬಿಳಿ ಚಾಕಿನಲ್ಲಿ. ಡಚ್ಚರ ಹೊಲದ ಕೆಳಗೆ ಅನಿಲ ಸಿಕ್ಕಿತೆಂದ ಮಾತ್ರಕ್ಕೆ ನಾರ್ವೆಯ ದಡದ ನೈಸ್‌ನಲ್ಲಿ ಎಣ್ಣೆ ಇದೆಯೆಂದು ಆಗುವುದಿಲ್ಲ. ನಾರ್ವೆಯ ಪಾಲಿನ ಕಡಲಲ್ಲಿ 1966ರಲ್ಲಿ ಕೊರೆದ ಮೊದಲ ಬಾವಿ ಬರಿದಾಗಿತ್ತು ಎಂಬುದನ್ನೂ ಈ ವಿವರಣೆ ನುಂಗಿಬಿಡುತ್ತದೆ.

ಈಗ ನನ್ನದೇ ವಾದದ ಕಾಲಿಗೆ ಚುಚ್ಚುವ ಮುಳ್ಳು. ಅದರ ಹೆಸರು ಟ್ರೋಲ್. 1979ರಲ್ಲಿ ಸಿಕ್ಕ ಈ ಅನಿಲ ಕ್ಷೇತ್ರ ಕಂದಕದ ಆಚೆಗಿಲ್ಲ, ಕಂದಕದ ಒಳಗೇ ಇದೆ. ಬೆರ್ಗೆನ್ ಊರಿಗೆ ದೂರವಲ್ಲ, 300 ಮೀಟರಿಗೂ ಹೆಚ್ಚು ನೀರಿನ ಕೆಳಗೆ. ಅಲ್ಲಿಗೆ 1995ರಲ್ಲಿ ಎಳೆದೊಯ್ದು ನಿಲ್ಲಿಸಿದ ‘ಟ್ರೋಲ್ ಎ’ ಕಾಂಕ್ರೀಟ್ ಕಟ್ಟೋಣದ ಎತ್ತರ 472 ಮೀಟರ್. ನಾರ್ವೆಯ ಅತಿ ದೊಡ್ಡ ಅನಿಲ ಭಂಡಾರ ದಂಡೆಗುಂಟವೇ ಇತ್ತು! ಇಲ್ಲಿ ನಾನು ಕಾನೂನಿನ ಸೆರಗು ಹಿಡಿದು ಪಾರಾಗಬಹುದು: 300 ಮೀಟರ್ ಆಳ 1958ರ ಅಳತೆಯ ಪ್ರಕಾರ ಖಂಡಾವರಣವೇ ಅಲ್ಲ, ಅಲ್ಲಿಂದ ಏನನ್ನಾದರೂ ತೆಗೆಯುವ ಶಕ್ತಿಯೂ ಆಗ ಯಾರಿಗೂ ಇರಲಿಲ್ಲ ಎಂದು. ಆದರೆ ಅದು ವಕೀಲಿಯಾಯಿತು, ಸಂಶೋಧನೆಯಲ್ಲ. ಭೂವಿಜ್ಞಾನಿಯಾಗಿ ಬರೆಯುವವನು ಕಂದಕದ ತಳದ ಕಲ್ಲು ತನಗೆ ಗೊತ್ತಿಲ್ಲ ಎಂದು ಬರೆಯಬೇಕಿತ್ತು. ಅಲ್ಲಿ ಆತ ಎಡವಿದ. ಆದ್ದರಿಂದ ನನ್ನ ನಿಲುವನ್ನು ಇಷ್ಟಕ್ಕೆ ಇಳಿಸಿಕೊಳ್ಳುತ್ತೇನೆ: ಪತ್ರದಲ್ಲಿ ತಪ್ಪಿದೆ, ಆದರೆ ಕಥೆ ತೋರಿಸುವ ತಪ್ಪು ಅದಲ್ಲ. ಎಕೋಫಿಸ್ಕ್ ಹೆಸರು ಹೇಳಿ ನಗುವವರು ತಪ್ಪಾದ ಬಾವಿಗೆ ಹಗ್ಗ ಬಿಟ್ಟಿದ್ದಾರೆ. ನಗಬೇಕೆಂದಿದ್ದರೆ ಟ್ರೋಲ್ ಹೆಸರು ಹೇಳಿ ನಗಲಿ, ನಾನೂ ಸೇರುತ್ತೇನೆ.

ಇಷ್ಟು ದೂರದ ಪತ್ರಕ್ಕೆ ಬೆಳಗಾವಿಯ ನೆಹರು ನಗರದಲ್ಲಿ ಕೂತವನು ಏಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಏಕೆಂದರೆ ಇದೇ ಬಗೆಯ ತಪ್ಪು ಓದು ನಮ್ಮ ಕಾಲಡಿಯ ಕಲ್ಲಿನ ಬಗ್ಗೆಯೂ ಇದೆ. ಅದೇ ಉಪನ್ಯಾಸದ ಕೊನೆಗೆ ಇನ್ನೊಂದು ಮಾತು ಬಂತು: ಇಂಗ್ಲಿಷರ ಭೂವಿಜ್ಞಾನಿಗಳು ದಖ್ಖನಿನ ಕಪ್ಪುಕಲ್ಲನ್ನು ನೋಡಿ ಪಶ್ಚಿಮದ ಕಡೆಯನ್ನೇ ಕೈಬಿಟ್ಟರು, ಕೊನೆಗೆ ಬಾಂಬೆ ಹೈ ಅವರ ಮುಖಕ್ಕೆ ಹೊಡೆಯಿತು ಎಂದು.

ಆ ಭೂವಿಜ್ಞಾನಿಗಳಲ್ಲಿ ನಮ್ಮ ಭಾಗದ ಕಲ್ಲನ್ನು ಕಾಲ್ನಡಿಗೆಯಲ್ಲಿ ನೋಡಿ ಬರೆದವರು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂರಚನೆ ಕುರಿತ ಅವರ ಗ್ರಂಥ 1876ರಲ್ಲಿ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ‘ಮೆಮಾಯರ್ಸ್’ ಸಂಪುಟಗಳಲ್ಲಿ ಬಂತು. ಪಲ್ಲಾವರಂನಲ್ಲಿ ಸಿಕ್ಕ ಶಿಲಾಯುಗದ ಕೊಡಲಿಗಾಗಿ ಫೂಟ್ ಹೆಸರು ಹೇಳುವ ನಮ್ಮ ವಿದ್ವಾಂಸರು ಬೆಳಗಾವಿ ಸೀಮೆಯ ಈ ಪುಸ್ತಕವನ್ನು ಮುಟ್ಟುವುದೇ ಅಪರೂಪ. (ಫೂಟ್ ಬಗ್ಗೆ ನನಗೆ ಪಕ್ಷಪಾತವಿದೆ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದ ನಮ್ಮ ಸರ್ ಗೋಕಾಕ ಜಲಪಾತದ ಬಂಡೆಯ ಮೇಲೆ ನಿಲ್ಲಿಸಿ, “ಮೊದಲು ಕಲ್ಲು ಓದ್ರಿ, ಆಮೇಲೆ ಪುಸ್ತಕಾ” ಎಂದಿದ್ದರು. ಅವರು ಕೈಯಲ್ಲಿ ಹಿಡಿದಿದ್ದ ನಕ್ಷೆ ಫೂಟ್ ನಕ್ಷೆಯ ಪ್ರತಿ.)

ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಧುಮುಕುವುದು ಕಲಾದಗಿ ಬಳಗದ ಮರಳುಗಲ್ಲಿನ ಗೋಡೆಯ ಮೇಲಿಂದ. ‘ಕಲಾದಗಿ’ ಎಂಬ ಹೆಸರನ್ನು ಶಿಲೆಗೆ ಕೊಟ್ಟವರೂ ಫೂಟ್ ಅವರೇ. ಈ ಬಳಗದ ಕಲ್ಲುಗಳಲ್ಲಿ ಆಳವಿಲ್ಲದ ನೀರಿನ ಅಲೆ ಮರಳಿನ ಮೇಲೆ ಬಿಟ್ಟುಹೋದ ಗೆರೆಗಳನ್ನು ಇಂದಿಗೂ ಬೆರಳಿಂದ ಮುಟ್ಟಬಹುದು. ಒಂದು ಕಾಲಕ್ಕೆ ಇಲ್ಲೂ ಕಡಲಿತ್ತು, ಆದರೆ ಅದು ಮೀನೂ ಹುಟ್ಟದಿದ್ದ ಕಾಲದ ಕಡಲು. ಅಂಥ ಶಿಲೆಗಳ ಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖ್ಖನ್ ಟ್ರ್ಯಾಪ್ ಲಾವಾ ಹರಿದು ಹೆಪ್ಪುಗಟ್ಟಿ ಕಪ್ಪುಕಲ್ಲಾಯಿತು. ಬೆಳಗಾವಿ ಶಹರ ನಿಂತಿರುವುದು ಅದರ ಮೇಲೆ. ಖಾನಾಪುರದ ಕಡೆ ಹೋದಂತೆ ಟ್ರ್ಯಾಪಿನ ಅಂಚು ಮುಗಿದು, ಕೆಳಗಿದ್ದ ಬಹು ಪುರಾತನ ಶಿಲೆಗಳು ತಲೆ ಎತ್ತುತ್ತವೆ. ಅಂದರೆ ಇಲ್ಲಿ ಕಪ್ಪುಕಲ್ಲು ಚಾವಣಿ. ಚಾವಣಿಯ ಕೆಳಗಿರುವುದು ಎಣ್ಣೆಯ ಕಾಲಕ್ಕಿಂತ ತೀರ ಹಳೆಯ ಮನೆ. ದೇಶದ 26 ಜಲಜಶಿಲಾ ಪ್ರದೇಶಗಳ ಸರಕಾರಿ ಪಟ್ಟಿಯಲ್ಲಿ ‘ಭೀಮಾ–ಕಲಾದಗಿ’ಯೂ ಒಂದು, ಆದರೆ ಭರವಸೆಯ ಕ್ರಮದಲ್ಲಿ ಅದು ಕೊನೆಯ ವರ್ಗದ್ದು.

ಪಶ್ಚಿಮಕ್ಕೆ ಹೋದರೆ ಇದೇ ಕಪ್ಪುಕಲ್ಲು ಕಡಲೊಳಗೆ ಇಳಿಯುತ್ತದೆ. ಖಂಭಾತದಲ್ಲೂ ಬಾಂಬೆ ಹೈನಲ್ಲೂ ಅದು ತಳಕ್ಕೆ ಹೋಗಿ, ಅದರ ಮೇಲೆ ಹೊಸ ಕಡಲುಗಳ ಕೆಸರು, ಸುಣ್ಣ ಕೂತವು. ಅಲ್ಲಿ ಟ್ರ್ಯಾಪ್ ನೆಲ, ಎಣ್ಣೆ ಇರುವುದು ಅದರ ಮೇಲಿನ ಅಟ್ಟಗಳಲ್ಲಿ. ಖಂಭಾತದ ಬಳಿ ಎಣ್ಣೆ ಸಿಕ್ಕಿದ್ದು 1958ರಲ್ಲಿ, ನಾರ್ವೆಯ ಪತ್ರದ ವರ್ಷವೇ. 1974ರ ಫೆಬ್ರವರಿಯಲ್ಲಿ ‘ಸಾಗರ ಸಮ್ರಾಟ್’ ರಿಗ್ಗು ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈನಲ್ಲಿ ಎಣ್ಣೆ ಮುಟ್ಟಿತು. ಅಲ್ಲಿ ನೀರಿನ ಆಳ ಸುಮಾರು 75 ಮೀಟರ್, ಎಣ್ಣೆ ಮುಖ್ಯವಾಗಿ ಮಯೋಸೀನ್ ಕಾಲದ ಸುಣ್ಣಕಲ್ಲಿನಲ್ಲಿ. ಎಕೋಫಿಸ್ಕಿನ ಆಳವೂ ಸುಣ್ಣವೂ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ. ಫೂಟ್ ನೋಡಿದ್ದು ಚಾವಣಿ, ಸಾಗರ ಸಮ್ರಾಟ್ ಕೊರೆದದ್ದು ನೆಲದ ಮೇಲಿನ ಅಟ್ಟ. ದಕ್ಷಿಣ ಮರಾಠಾ ಸೀಮೆಯ ಮೇಲೆ ಬರೆದ ಪುಸ್ತಕಕ್ಕೆ ಅರಬ್ಬೀ ಸಮುದ್ರದ ಹೊಣೆ ಹೊರಿಸುವುದು, ದಂಡೆಗುಂಟ ಬರೆದ ಪತ್ರಕ್ಕೆ ಕಂದಕದ ಆಚೆಯ ಹೊಣೆ ಹೊರಿಸಿದಷ್ಟೇ ನ್ಯಾಯ.

‘ಇದೆ’ ಎಂಬ ಮಾತಿಗೆ ಸಾಕ್ಷಿ ಒಂದು ಬಾವಿ ಸಾಕು. ‘ಇಲ್ಲ’ ಎಂಬ ಮಾತಿಗೆ ಮಾತ್ರ ಎಲ್ಲಿ, ಎಷ್ಟು ಆಳ, ಯಾವ ಕಲ್ಲು, ಯಾರು ಕೇಳಿದ್ದು ಎಂಬ ಚೆಕ್ಕುಬಂದಿ ಬೇಕು. ಹೊಲದ ಖರೀದಿ ಪತ್ರದಲ್ಲಿ ನಾಲ್ಕು ದಿಕ್ಕಿನ ಚೆಕ್ಕುಬಂದಿ ಇಲ್ಲದಿದ್ದರೆ ನೋಂದಣಿಯಾಗುವುದಿಲ್ಲ. ಇತಿಹಾಸದ ದಾಖಲೆಗೆ ಅಷ್ಟಾದರೂ ಮರ್ಯಾದೆ ಸಲ್ಲಬೇಡವೇ?

ಈ ಲೇಖನ ಬರೆಯುತ್ತಿದ್ದಾಗ ನಮ್ಮ ಅಡ್ಡರಸ್ತೆಯಲ್ಲಿ ಗ್ಯಾಸ್ ಪೈಪಿಗಾಗಿ ಕಾಲುವೆ ತೋಡಿದರು. ಡಾಂಬರು, ಅದರ ಕೆಳಗೆ ಗರಸು, ಅದರ ಕೆಳಗೆ ಕೆಂಪು ಜಂಬಿಟ್ಟಿಗೆ, ತಳದಲ್ಲಿ ಸವೆದು ಪುಡಿಯಾಗುತ್ತಿರುವ ಟ್ರ್ಯಾಪಿನ ಬೂದು ಉಂಡೆಗಳು: ಮೊಣಕಾಲು ಮಡಿಸಿ ಕೂತರೆ ಒಂದೇ ನೋಟಕ್ಕೆ ಇಡೀ ಬೆಳಗಾವಿ. ಹಳದಿ ಪೈಪನ್ನು ಇಳಿಸುತ್ತಿದ್ದ ಹುಡುಗನನ್ನು ಪಕ್ಕದ ಮನೆಯವರು, “ಇದು ಬಾಂಬೆ ಹೈದ ಗ್ಯಾಸ್ ಏನೋ ತಮ್ಮಾ?” ಎಂದು ಕೇಳಿದರು. ಅವನು ತಲೆ ಎತ್ತದೆ, “ಗೊತ್ತಿಲ್ರೀ ಕಾಕಾ, ದಾಭೋಳದಿಂದ ಬರ್ತೈತಂತ” ಎಂದ. ಅವನ ಉತ್ತರದಲ್ಲಿ ಚೆಕ್ಕುಬಂದಿ ಇತ್ತು. ದಾಭೋಳದಿಂದ ಗೋಕಾಕದ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಸುಮಾರು 1,000 ಕಿಲೋಮೀಟರಿನ ಕೊಳವೆ 2013ರಲ್ಲಿ ಶುರುವಾಯಿತು. ಅದಕ್ಕೆ ಹಡಗಿನಲ್ಲಿ ಬಂದ ಪರದೇಶದ ಅನಿಲವೂ ಸೇರುತ್ತದೆ, ಉತ್ತರದ ಕೊಳವೆಜಾಲದ ಅನಿಲವೂ ಸೇರುತ್ತದೆ. ಒಲೆಯಲ್ಲಿ ಉರಿಯುವಾಗ ಅದು ತನ್ನ ಊರು ಹೇಳುವುದಿಲ್ಲ.

ನೆಹರು ನಗರದ ನೆಲದಡಿ ಅನಿಲ ಸಿಗುವ ಸಾಧ್ಯತೆ ಇದೆಯೇ ಎಂದು ಯಾರಾದರೂ 1876ರಲ್ಲಿ ಫೂಟ್ ಅವರನ್ನು ಕೇಳಿದ್ದರೆ, ಟ್ರ್ಯಾಪನ್ನೊಮ್ಮೆ ನೋಡಿ ‘ಇಲ್ಲ’ ಎಂದು ಬರೆದುಕೊಡಬಹುದಿತ್ತು. ಈಗ ಅದೇ ನೆಲದಲ್ಲಿ, ಬರೀ ಒಂದು ಮೀಟರ್ ಆಳದಲ್ಲಿ, ಅನಿಲ ಹರಿಯುತ್ತಿದೆ. ನಾಳೆ ಒಬ್ಬ ಉಪನ್ಯಾಸಕರು ಆ ಕಾಗದವನ್ನು ಎತ್ತಿ ಹಿಡಿದರೆ ಸಭೆ ಮತ್ತೆ ನಗುತ್ತದೆ.